ಮನೆಮಾತೂ ಸೇನೆಯ ಪಾಠಶಾಲೆಯೂ

ನನ್ನಿವಾಳದ ಸುತ್ತಿನ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಅನೇಕರುಂಟು. ಅವ್ವನೊಡನೆ ತೆಲುಗಿನಲ್ಲಿ ಜಗಳವಾಡಬಲ್ಲ ಹುಡುಗನಿಗೆ ಆ ಲಿಪಿಯ ಒಂದಕ್ಷರವೂ ಬಾರದಿರಬಹುದು. ಇಂಥ ಮನೆಮಾತಿಗೆ ಏನು ಬೆಲೆ ಎಂದು ಕೇಳುವವರಿದ್ದಾರೆ. ಅವರಿಗಾಗಿ ಒಂದು ಸೈನಿಕ ಭಾಷಾಶಾಲೆಯ ದಿನಚರಿಯನ್ನು ಹೇಳುತ್ತೇನೆ.

1941ರ ನವೆಂಬರಿನಲ್ಲಿ ಅಮೆರಿಕದ ಸೇನೆ ಸಾನ್ ಫ್ರಾನ್ಸಿಸ್ಕೋದಲ್ಲಿ ಜಪಾನೀ ಭಾಷೆಯ ಶಾಲೆಯೊಂದನ್ನು ತೆರೆಯಿತು. ಮೊದಲ ತಂಡದಲ್ಲಿ 60 ವಿದ್ಯಾರ್ಥಿಗಳು. ಹೆಚ್ಚಿನವರು ಅಲ್ಲಿಗೆ ವಲಸೆ ಹೋಗಿದ್ದ ಜಪಾನೀಯರ ಮಕ್ಕಳು. ಹಲವರ ಜಪಾನೀ ನುಡಿ ಅಡುಗೆಮನೆಯ ಮಾತಿಗಷ್ಟೇ ಸಾಲುತ್ತಿತ್ತು. 1942ರಲ್ಲಿ ಶಾಲೆ ಮಿನ್ನೆಸೋಟಾದ ಕ್ಯಾಂಪ್ ಸ್ಯಾವೇಜಿಗೆ ಹೋಯಿತು. ಹಗಲೆಲ್ಲ ತರಗತಿ, ಊಟವಾದ ಮೇಲೆ ರಾತ್ರಿಯೂ ಓದು. ಚಿತ್ರಲಿಪಿ, ಮೋಡಿಯಂತೆ ಓಡುವ ಕೈಬರಹ, ಸೇನೆಯ ಪದಗಳು, ಸೆರೆಯಾಳನ್ನು ವಿಚಾರಿಸುವ ಕ್ರಮ, ಎಲ್ಲವನ್ನೂ ಕೆಲವೇ ತಿಂಗಳಲ್ಲಿ ಕಲಿಯಬೇಕು. ದೀಪವಾರಿಸಿದ ಮೇಲೆ ಶೌಚಗೃಹದ ಬೆಳಕಿನಲ್ಲಿ ಕುಳಿತು ಓದಿದವರುಂಟು. ಅದೇ ಕಾಲದಲ್ಲಿ ಅವರಲ್ಲಿ ಅನೇಕರ ತಂದೆತಾಯಿಗಳನ್ನು ಅಲ್ಲಿನ ಸರ್ಕಾರವೇ ಮುಳ್ಳುತಂತಿಯ ಶಿಬಿರಗಳಲ್ಲಿ ಇರಿಸಿತ್ತು! ಆದರೂ ಮಕ್ಕಳು ಉರುಹೊಡೆದರು. 1945ರಲ್ಲಿ ಓಕಿನಾವಾದ ಗುಹೆಗಳಲ್ಲಿ ಅಡಗಿದ್ದ ಜನರನ್ನು ಇಂಥ ಸೈನಿಕರು ಬರಿಯ ಮಾತಿನಿಂದಲೇ ಹೊರಕರೆದು ಬದುಕಿಸಿದರು.

ನಮ್ಮ ದೇಶದಲ್ಲಿಯೂ ರಕ್ಷಣಾ ಸಚಿವಾಲಯದ ವಿದೇಶೀ ಭಾಷಾಶಾಲೆ ದೆಹಲಿಯಲ್ಲಿ 1948ರಿಂದ ನಡೆದುಬಂದಿದೆ. ಗಡಿಸೀಮೆಯ ಮಗು ಅಲ್ಲಿಗೆ ಹೋಗಲಿ, ಬಿಡಲಿ. ಅದರ ಮನೆಮಾತನ್ನು ಹೀಗಳೆಯುವುದು ತರವಲ್ಲ. ಕಿವಿಗೆ ಬಿದ್ದ ನುಡಿಗೆ ಅಕ್ಷರವನ್ನೂ ಕೂಡಿಸಿಕೊಟ್ಟರೆ ಅದು ಎಂದಾದರೊಂದು ದಿನ ಒಂದು ಜೀವದ ಕೆಲಸಕ್ಕೆ ಬಂದೀತು.