ಅಡ್ಡ ಬರುವ ಕೈ

(ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಕ್ಯಾತನಹಳ್ಳಿಗೆ ಬಂದು ಪೊಲೀಸರ ವಿಷಯ ಮಾತಾಡುವವರು ಸ್ವಲ್ಪ ಎಚ್ಚರದಿಂದಿರಬೇಕು. ಇದು ಪುಟ್ಟಣ್ಣಯ್ಯನವರ ಊರು. ಲಾಠಿ ಎಂದರೇನು, ಠಾಣೆ ಎಂದರೇನು ಎಂದು ಇಲ್ಲಿನ ಹಿರಿಯರಿಗೆ ನಾವು ಪಾಠ ಹೇಳಬೇಕಾದದ್ದಿಲ್ಲ. ಆದರೆ ಇಂದು ನಾವು ಹೇಳಲು ಬಂದಿರುವುದು ಚಳವಳಿಯ ಮೇಲೆ ಬೀಳುವ ಲಾಠಿಯ ಮಾತನ್ನಲ್ಲ. ಪಾಳಿಗೆ, ಸಂತೆಗೆ, ಆಸ್ಪತ್ರೆಗೆ ಹೋಗುವ ಸಾಮಾನ್ಯ ಮನುಷ್ಯನ ಬೈಕಿಗೆ ನಡುರಸ್ತೆಯಲ್ಲಿ ಅಡ್ಡ ಬರುವ ಕೈಯ ಮಾತು.

2025ನೆಯ ಇಸವಿ ಮೇ 26. ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮೂರೂವರೆ ವರ್ಷದ ಹೆಣ್ಣು ಮಗುವಿಗೆ ನಾಯಿ ಕಚ್ಚಿತು. ತಂದೆತಾಯಿ ಮಗುವನ್ನು ಮದ್ದೂರಿನ ಆಸ್ಪತ್ರೆಗೆ ಒಯ್ದರು. ಅಲ್ಲಿ ಮಂಡ್ಯಕ್ಕೆ ಹೋಗಿ ಎಂದರು. ಬೈಕಿನಲ್ಲಿ ಮಗುವನ್ನಿಟ್ಟುಕೊಂಡು ಮಂಡ್ಯಕ್ಕೆ ಬಂದರು. ನಗರದ ನಂದಾ ವೃತ್ತದ ಬಳಿ ಹೆಲ್ಮೆಟ್ ತಪಾಸಣೆ ನಡೆಯುತ್ತಿತ್ತು. ಸಂಚಾರ ಪೊಲೀಸರು ಅಡ್ಡಗಟ್ಟಿದರು. ಬೈಕು ಉರುಳಿತು. ಮಗು ರಸ್ತೆಗೆ ಬಿತ್ತು, ಹಿಂದಿನಿಂದ ಬಂದ ವಾಹನ ಅದರ ಮೇಲೆ ಹರಿಯಿತು. ಆಸ್ಪತ್ರೆಯ ಮುಂದೆ ಆ ತಂದೆತಾಯಿ ಮಗುವಿನ ಶವದೊಡನೆ ಕುಳಿತು ಅತ್ತದ್ದನ್ನು ಜಿಲ್ಲೆಯೆಲ್ಲ ಕಂಡಿತು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರುಗಳನ್ನು ಅಮಾನತು ಮಾಡಿದರು.

ಹೆಲ್ಮೆಟ್ ಬೇಡವೆನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ನಾವು ಹೆಲ್ಮೆಟ್ ಹಾಕಿಕೊಂಡೇ ಬಂದಿದ್ದೇವೆ, ಅಲ್ಲಿ ಕಿಟಕಿಯ ಮೇಲಿದೆ. ತಲೆ ಉಳಿಯಲಿ ಎಂದು ಮಾಡಿದ ಕಾನೂನು ಅದು. ನಮ್ಮ ರಾಜ್ಯದಲ್ಲಿ ಅದನ್ನು ಮುರಿದರೆ ಐನೂರು ರೂಪಾಯಿ ದಂಡ. ಈಗ ಆ ಐನೂರು ರೂಪಾಯಿಯ ಲೆಕ್ಕ ಹಾಕೋಣ. ಅಂಗಡಿ ಇಟ್ಟವರು ಇಲ್ಲಿ ಬಹಳ ಜನ ಕುಳಿತಿದ್ದೀರಿ, ಸಾಲದ ಲೆಕ್ಕ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. 2023ರ ಫೆಬ್ರವರಿಯಲ್ಲಿ ಒಮ್ಮೆ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು: ಸಂಚಾರ ದಂಡದ ಹಳೆಯ ಬಾಕಿ ಇಟ್ಟುಕೊಂಡವರು ಬಂದು ಕಟ್ಟಿ, ಅರ್ಧ ಬಿಟ್ಟುಬಿಡುತ್ತೇವೆ. ವರ್ಷಗಟ್ಟಲೆ ದಂಡ ಕಟ್ಟದೆ ಓಡಾಡಿದವರಿಗೆ ಐವತ್ತು ಪೈಸೆ ರಿಯಾಯಿತಿ! ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ನಂಬರು ಓದುತ್ತದೆ, ದಂಡದ ಚೀಟಿ ಫೋನಿಗೆ ಬರುತ್ತದೆ, ಯಾರ ರಟ್ಟೆಯನ್ನೂ ಯಾರೂ ಹಿಡಿಯುವುದಿಲ್ಲ. ವರ್ಷಗಟ್ಟಲೆ ಕಾಯಬಲ್ಲ, ಆಮೇಲೆ ಅರ್ಧ ಬಿಡಬಲ್ಲ ಸರ್ಕಾರಕ್ಕೆ ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಮುಟ್ಟಿಸುವಷ್ಟು ಹೊತ್ತು ಕಾಯಲಾಗಲಿಲ್ಲ. ನಂಬರು ಬರೆದುಕೊಂಡಿದ್ದರೆ ಸಾಕಿತ್ತು.

ಕಾನೂನು ಏನು ಹೇಳುತ್ತದೆ? ಅದನ್ನೂ ತಿಳಿದುಕೊಂಡೇ ಹೋಗಿ. 1988ರ ಮೋಟಾರು ವಾಹನ ಕಾಯಿದೆಯ 130ನೆಯ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸಿನವನು ಕೇಳಿದರೆ ಲೈಸೆನ್ಸು ತೋರಿಸಬೇಕು. ತೋರಿಸಿ, ವಾದ ಬೇಡ. ವಾರಂಟಿಲ್ಲದೆ ಹಿಡಿಯುವ ಅಧಿಕಾರ ಇರುವುದು 202ನೆಯ ಕಲಮಿನಲ್ಲಿ. ಅಪಾಯಕರವಾಗಿ ಓಡಿಸುವವನು, ಕುಡಿದು ಓಡಿಸುವವನು, ಪರರ ವಾಹನವನ್ನು ಕೇಳದೆ ಒಯ್ಯುವವನು, ಹೆಸರು ವಿಳಾಸ ಹೇಳಲು ಒಲ್ಲೆನೆನ್ನುವವನು, ಇಂಥವರು ಆ ಪಟ್ಟಿಯಲ್ಲಿದ್ದಾರೆ. ಬರಿದಲೆಯವನು ಆ ಪಟ್ಟಿಯಲ್ಲಿಲ್ಲ.

ಈ ನಡುವೆ ಪೇಟೆಯ ವಿದ್ಯಾವಂತರೊಬ್ಬರು ನಮಗೊಂದು ಉಪಾಯ ಹೇಳಿದರು. ಅಮೆರಿಕದಲ್ಲಿ ಪೊಲೀಸರಿಗೆ ವಿದ್ಯುತ್ ಪಿಸ್ತೂಲು ಕೊಟ್ಟಿದ್ದಾರಂತೆ, ಟೇಸರ್ ಎಂದು ಹೆಸರು, ಗುಂಡಿಲ್ಲ, ರಕ್ತವಿಲ್ಲ, ಇಲ್ಲಿಯೂ ತರಬೇಕು ಎಂದರು. ಅದರ ಕೆಲಸ ಹೀಗೆ: ತಂತಿ ಕಟ್ಟಿದ ಎರಡು ಮೊಳೆಗಳು ಹಾರಿಬಂದು ಮೈಗೆ ನಾಟುತ್ತವೆ, ಗುಂಡಿ ಒತ್ತಿದರೆ ಐದು ಸೆಕೆಂಡು ವಿದ್ಯುತ್ ಹರಿದು ಸ್ನಾಯುಗಳೆಲ್ಲ ಬಿಗಿದುಕೊಳ್ಳುತ್ತವೆ, ಮನುಷ್ಯ ಕಡಿದ ಬಾಳೆಯಂತೆ ಬೀಳುತ್ತಾನೆ. ಪಿಸ್ತೂಲಿನ ಬದಲಿಗೆ ಎಂದು ಕೊಂಡದ್ದು ಅದು. ಆದರೆ ಆ ದೇಶದ ರಸ್ತೆಗಳಲ್ಲಿ ನಡೆದದ್ದೇನು? 2007ರ ಸೆಪ್ಟೆಂಬರಿನಲ್ಲಿ ಯೂಟಾ ರಾಜ್ಯದ ಹೆದ್ದಾರಿಯಲ್ಲಿ ವೇಗದ ಚೀಟಿಗೆ ಸಹಿ ಹಾಕಲೊಪ್ಪದ ಒಬ್ಬ ಚಾಲಕನ ಮೇಲೆ ಅದನ್ನು ಹಾರಿಸಿದರು. ಬಸುರಿ ಹೆಂಡತಿ ಕಾರಿನಲ್ಲೇ ಇದ್ದಳು. ಮುಂದೆ ಸರ್ಕಾರ 40,000 ಡಾಲರು ಕೊಟ್ಟು ಆ ದಾವೆ ಮುಗಿಸಿಕೊಂಡಿತು. 2021ರ ಏಪ್ರಿಲಿನಲ್ಲಿ ಮಿನ್ನೆಸೋಟದಲ್ಲಿ ವಾಹನ ತಡೆದ ಅಧಿಕಾರಿಣಿಯೊಬ್ಬಳು ವಿದ್ಯುತ್ ಪಿಸ್ತೂಲೆಂದು ತಿಳಿದು ನಿಜವಾದ ಪಿಸ್ತೂಲನ್ನೇ ಹಾರಿಸಿ ಇಪ್ಪತ್ತು ವರ್ಷದ ಹುಡುಗನನ್ನು ಕೊಂದಳು. 2023ರ ಜನವರಿಯಲ್ಲಿ ಮೆಂಫಿಸ್ ನಗರದಲ್ಲಿ ಕಾರು ತಡೆದು, ವಿದ್ಯುತ್ ಹಾರಿಸಿ, ಓಡಿದವನನ್ನು ಹಿಡಿದು ಬಡಿದರು. ಮೂರನೆಯ ದಿನ ಅವನು ಸತ್ತ. ಗುಂಡಿನ ಬದಲಿಗೆ ಬಂದ ಸಾಧನ ಮಾತಿನ ಬದಲಿಗೆ ಬಳಕೆಯಾಯಿತು.

ಇದರ ಒಳಗುಟ್ಟು ನಮಗೆ ಗೊತ್ತು. ನಾವೂ ಬೆತ್ತ ಹಿಡಿದ ಮೇಷ್ಟರಾಗಿದ್ದವರೇ. ಮಗ್ಗಿ ತಪ್ಪಿದ ಹುಡುಗನಿಗೆ ಮತ್ತೊಮ್ಮೆ ಹೇಳಿಕೊಡುವ ಸಹನೆ ತೀರಿದ ದಿನ ಕೈ ತಾನಾಗಿಯೇ ಮೇಜಿನ ಮೇಲಿನ ಬೆತ್ತದ ಕಡೆ ಹೋಗುತ್ತಿತ್ತು. ಬೆತ್ತ ಮೇಜಿನ ಮೇಲಿಲ್ಲದ ದಿನ ಹೋಗುತ್ತಿರಲಿಲ್ಲ. ಇಂದಿಗೂ ಆ ಹುಡುಗರಲ್ಲಿ ಕೆಲವರು ಸಿಕ್ಕಿ ನಮಸ್ಕಾರ ಸಾರ್ ಎಂದಾಗ ನಮಗೆ ನಾಚಿಕೆಯಾಗುತ್ತದೆ. ಮಂಡ್ಯದಲ್ಲಿ ವಿದ್ಯುತ್ ಪಿಸ್ತೂಲು ಇರಲಿಲ್ಲ. ಬೈಕನ್ನು ಈ ಕ್ಷಣವೇ, ಇಲ್ಲಿಯೇ ನಿಲ್ಲಿಸಲೇಬೇಕು ಎಂಬ ಹಟವೊಂದೇ ಸಾಕಾಯಿತು.

ಪೇದೆಯ ಮೇಲೆ ನಮಗೆ ದ್ವೇಷವಿಲ್ಲ. ಬಿಸಿಲಲ್ಲಿ, ಹೊಗೆಯಲ್ಲಿ ದಿನವಿಡೀ ನಿಲ್ಲುವ ಅವನೂ ನಮ್ಮಂಥ ರೈತನ, ಕೂಲಿಯವನ ಮಗನೇ. ಅವನನ್ನು ಆ ತಿರುವಿನಲ್ಲಿ ನಿಲ್ಲಿಸಿದವರು ಯಾರು? ಓಡುವ ಬೈಕಿಗೆ ಕೈ ಅಡ್ಡ ಹಾಕುವುದನ್ನು ಅದಕ್ಕೆ ಮುಂಚೆ ದಿನವೂ ಕಂಡು ಸುಮ್ಮನಿದ್ದ ಮೇಲಧಿಕಾರಿಗಳು ಯಾರು? ಅಮಾನತಿನ ಕಾಗದ ಯಾವಾಗಲೂ ಕೆಳಗಿನ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು ಕೈ ಹೋದರೂ ಹೀಗೆಯೇ ಅಲ್ಲವೇ, ತಪ್ಪು ಕೆಲಸಗಾರನದೇ ಎಂದು ಬರೆಯುವುದಿಲ್ಲವೇ?

ಮಗು ಸತ್ತ ಮೇಲೆ ರಾಜ್ಯದ ಪೊಲೀಸ್ ಮಹಾನಿರ್ದೇಶಕ ಎಂ. ಎ. ಸಲೀಂ ಅವರ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತು. ಕಣ್ಣಿಗೆ ಕಾಣುವ ಉಲ್ಲಂಘನೆ ಇದ್ದರೆ ಮಾತ್ರ ವಾಹನ ನಿಲ್ಲಿಸಿ, ಬರಿಯ ದಾಖಲೆ ನೋಡಲು ನಿಲ್ಲಿಸಬೇಡಿ. ಹಠಾತ್ತನೆ ಮುಂದೆ ನುಗ್ಗಬೇಡಿ. ಬೀಗದ ಕೈ ಕಿತ್ತುಕೊಳ್ಳಬೇಡಿ. ಹಿಂದೆ ಕುಳಿತವರನ್ನು ಎಳೆಯಬೇಡಿ. ಓಡಿದವರನ್ನು ಬೆನ್ನಟ್ಟದೆ ನಂಬರು ಬರೆದುಕೊಳ್ಳಿ ಎಂದು ಅದರಲ್ಲಿದೆ. ಒಳ್ಳೆಯ ಸುತ್ತೋಲೆ. ಒಂದು ವಾರ ಮುಂಚೆ ಬಂದಿದ್ದರೆ!

ಸುತ್ತೋಲೆ ಕಚೇರಿಯ ಕಡತದಲ್ಲಿದ್ದರೆ ರಸ್ತೆಗೆ ಪ್ರಯೋಜನವಿಲ್ಲ. ಆದ್ದರಿಂದ ಒಂದು ಮನವಿ ಬರೆದು ತಂದಿದ್ದೇವೆ. ಆ ಸುತ್ತೋಲೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಜಿಲ್ಲೆಯ ಪ್ರತಿ ಠಾಣೆಯ ಬಾಗಿಲಿಗೂ ತಪಾಸಣೆ ನಡೆಯುವ ಜಾಗಕ್ಕೂ ಹಾಕಬೇಕು, ತಪಾಸಣೆ ಮಾಡುವವರ ಎದೆಯ ಮೇಲೆ ಕ್ಯಾಮೆರಾ ಇರಬೇಕು, ಆಸ್ಪತ್ರೆಗೆ ಹೋಗುವ ವಾಹನವನ್ನು ಯಾವ ಕಾರಣಕ್ಕೂ ತಡೆಯಬಾರದು. ಇಷ್ಟೇ ಅದರಲ್ಲಿರುವುದು. ಕಾಗದ ಆ ಮೂಲೆಯ ಮೇಜಿನ ಮೇಲಿದೆ. ರಾತ್ರಿ ಪಾಳಿಗೆ ಹೋಗುವವರು ಮೊದಲು ಸಹಿ ಹಾಕಿ ಹೊರಡಿ, ಉಳಿದವರು ಆಮೇಲೆ ಬನ್ನಿ.