ಹ್ಯಾಲಿಫ್ಯಾಕ್ಸಿನ ಗಿರಿದುರ್ಗ

ಕೋಟೆಯೆಂದೊಡನೆ ಮೈಸೂರು ಸೀಮೆಯವರಾದ ನಮಗೆ ನೆನಪಾಗುವುದು ಶ್ರೀರಂಗಪಟ್ಟಣ. 1799ರಲ್ಲಿ ಇಂಗ್ಲಿಷರ ಫಿರಂಗಿಗಳಿಗೆ ಒಡೆದ ಅದರ ಗೋಡೆ. ಮುತ್ತಿಗೆಯನ್ನು ಕಾಣದ ಕೋಟೆಯೂ ಒಂದು ಕೋಟೆಯೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಭಾವನೆಯನ್ನು ಹೊತ್ತೇ ನಾವು ಕೆನಡ ದೇಶದ ಪೂರ್ವ ಕರಾವಳಿಯಲ್ಲಿರುವ ಹ್ಯಾಲಿಫ್ಯಾಕ್ಸ್ ಪಟ್ಟಣದ ಗುಡ್ಡವನ್ನು ಹತ್ತಿದೆವು. ಅಲ್ಲಿಯ ಕೋಟೆಯ ಮೇಲೆ ಶತ್ರು ಒಮ್ಮೆಯೂ ಏರಿಬಂದಿಲ್ಲವೆಂದು ತಿಳಿದಾಗ, ನಿಜ ಹೇಳಬೇಕೆಂದರೆ, ನಮಗೆ ಸ್ವಲ್ಪ ನಿರಾಶೆಯೇ ಆಯಿತು.

ಚಾಮುಂಡಿ ಬೆಟ್ಟವನ್ನು ಹತ್ತಿದವರಿಗೆ ಅದೊಂದು ದಿಬ್ಬವಷ್ಟೆ. ಆದರೆ ಮೇಲೆ ನಿಂತು ಪೂರ್ವಕ್ಕೆ ತಿರುಗಿದರೆ, ಅದನ್ನೇ ಏಕೆ ಆರಿಸಿದರೆಂಬುದು ಯಾರೂ ಹೇಳದೆ ತಿಳಿಯುತ್ತದೆ. ಕೆಳಗೆ, ಚಳಿಗಾಲದಲ್ಲಿಯೂ ಹೆಪ್ಪುಗಟ್ಟದ ವಿಶಾಲವಾದ ಬಂದರು. ಆ ನೆಲದ ಮೂಲನಿವಾಸಿಗಳಾದ ಮಿಕ್ಮಾಕ್ ಜನರು ಅದನ್ನು ‘ಮಹಾ ಬಂದರು’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. 1749ರಲ್ಲಿ ಇಲ್ಲಿ ಪಟ್ಟಣವನ್ನು ಸ್ಥಾಪಿಸಿದವನು ಎಡ್ವರ್ಡ್ ಕಾರ್ನ್‌ವಾಲಿಸ್. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ನಮ್ಮ ಪಾಠಪುಸ್ತಕದ ಕಾರ್ನ್‌ವಾಲಿಸನಿಗೆ ಈತ ಚಿಕ್ಕಪ್ಪ. ಅದೇ ವರ್ಷ ಮಿಕ್ಮಾಕ್ ಜನರ ತಲೆಗೆ ಬಹುಮಾನವನ್ನು ಸಾರಿದವನೂ ಈತನೇ. ಇವನ ಪ್ರತಿಮೆಯನ್ನು ಪಟ್ಟಣದವರು 2018ರಲ್ಲಿ ಪೀಠದಿಂದ ಇಳಿಸಿದರು.

ಈಗಿರುವುದು ಆ ಗುಡ್ಡದ ಮೇಲಿನ ನಾಲ್ಕನೆಯ ಕೋಟೆ. ಮೊದಲಿನವು ಮರಮಣ್ಣಿನವಾದ್ದರಿಂದ ಬಾಳಲಿಲ್ಲ. ಮೂರನೆಯದಕ್ಕಾಗಿ ಗುಡ್ಡದ ನೆತ್ತಿಯನ್ನೇ ಕಡಿದು ತಗ್ಗಿಸಿದರು. ಜಮೈಕ ದ್ವೀಪದಿಂದ 1796ರಲ್ಲಿ ಗಡೀಪಾರಾಗಿ ಬಂದ ಮರೂನ್ ಎಂಬ ಕರಿಯ ಜನರೂ ಆ ಕೆಲಸದಲ್ಲಿ ದುಡಿದರು. ಆ ಚಳಿಯ ದೇಶ ಅವರಿಗೆ ಒಗ್ಗಲಿಲ್ಲ. 1800ರಲ್ಲಿ ಆಫ್ರಿಕದ ಸಿಯೆರಾ ಲಿಯೋನಿಗೆ ಹೊರಟುಹೋದರು. ನಾಲ್ಕನೆಯದನ್ನು ನಕ್ಷತ್ರದ ಆಕಾರದಲ್ಲಿ, ಆಳವಾದ ಕಂದಕದೊಡನೆ, ಕಲ್ಲಿನಿಂದ ಕಟ್ಟಿದರು. 1828ರಲ್ಲಿ ಹಿಡಿದ ಕೆಲಸ ಮುಗಿದುದು 1856ರಲ್ಲಿ. ಅಮೆರಿಕದ ಸಂಯುಕ್ತ ಸಂಸ್ಥಾನದವರು ದಾಳಿಮಾಡಿಯಾರೆಂಬ ಭಯ ಇದಕ್ಕೆ ಕಾರಣ. ಅವರು ಬರಲಿಲ್ಲ, ಹೊಸ ಬಗೆಯ ಫಿರಂಗಿಗಳು ಮಾತ್ರ ಬೇಗನೆ ಬಂದು ಆ ಕಲ್ಲುಗೋಡೆಗಳನ್ನು ಹಳತಾಗಿಸಿದವು. ಇಪ್ಪತ್ತೆಂಟು ವರ್ಷಗಳ ಶ್ರಮಕ್ಕೆ ಇದಕ್ಕಿಂತ ಕ್ರೂರವಾದ ಪರಿಹಾಸ್ಯವುಂಟೆ?

ನಡು ಮಧ್ಯಾಹ್ನಕ್ಕೆ ಇನ್ನೂ ಕೆಲವು ನಿಮಿಷಗಳಿದ್ದುವು. 1857ರಿಂದ ಕ್ರಿಸ್ಮಸ್ ದಿನವೊಂದನ್ನುಳಿದು ಪ್ರತಿದಿನವೂ ಅಲ್ಲಿ ಹನ್ನೆರಡು ಗಂಟೆಗೆ ಫಿರಂಗಿ ಹಾರಿಸುವ ವಾಡಿಕೆ. ನಾವು ಸಿದ್ಧರಾಗಿಯೇ ನಿಂತಿದ್ದೆವು, ಆದರೂ ಬೆಚ್ಚಿದೆವು. ಪಕ್ಕದಲ್ಲಿದ್ದ ಊರಿನ ಮುದುಕರೊಬ್ಬರು ಕತ್ತೆತ್ತದೆ ತಮ್ಮ ಗಡಿಯಾರವನ್ನು ನೋಡಿ ಸರಿಮಾಡಿಕೊಂಡರು.

ಬಾಗಿಲಲ್ಲಿ ಗರಿಯ ಟೋಪಿ, ನೆರಿಗೆಯ ಲಂಗ ತೊಟ್ಟ ಕಾವಲುಗಾರರು. ಸೈನಿಕರಲ್ಲ, 1869ರಿಂದ 1871ರವರೆಗೆ ಅಲ್ಲಿದ್ದ 78ನೆಯ ಹೈಲೆಂಡರ್ಸ್ ದಳದ ವೇಷವನ್ನು ಧರಿಸಿದ ತರುಣರು. ಈ ದಳದ ಹೆಸರನ್ನು ಕೇಳಿ ನಮ್ಮ ಕಿವಿ ನಿಮಿರಿತು. 1803ರ ಸೆಪ್ಟೆಂಬರಿನಲ್ಲಿ ಮರಾಠರ ವಿರುದ್ಧ ಅಸ್ಸಾಯಿಯಲ್ಲಿ ವೆಲ್ಲೆಸ್ಲಿ ಗೆದ್ದಾಗ ಮುಂಚೂಣಿಯಲ್ಲಿದ್ದವರು ಇವರೇ. ಆ ಗೆಲುವಿಗಾಗಿ ಆನೆಯ ಚಿಹ್ನೆಯನ್ನು ಪಡೆದವರು. ಅದೇ ದಂಡಿನೊಡನೆ ಮೈಸೂರಿನ ಸವಾರರೂ ಹೋಗಿದ್ದರು. ಅವರ ವೇಷವನ್ನು ಇಂದು ಯಾರೂ ಎಲ್ಲಿಯೂ ತೊಟ್ಟು ನಿಲ್ಲುವುದನ್ನು ನಾವು ಕಂಡಿಲ್ಲ.

ಗುಡ್ಡದ ಪೂರ್ವದ ತಪ್ಪಲಿನಲ್ಲಿರುವ ಗಡಿಯಾರದ ಗೋಪುರ ಅಸ್ಸಾಯಿಯ ಮುಂದಿನ ತಿಂಗಳಿನಲ್ಲಿಯೇ ನಡೆಯತೊಡಗಿತು. ವಿಕ್ಟೋರಿಯ ರಾಣಿಯ ತಂದೆ, ಹೊತ್ತಿನ ವಿಷಯದಲ್ಲಿ ಬಹು ನಿಷ್ಠುರನಾದ ಎಡ್ವರ್ಡ್ ರಾಜಕುಮಾರನ ಅಪ್ಪಣೆಯಂತೆ ಮಾಡಿಸಿದ್ದು.

ಇಳಿಯುವ ಮುನ್ನ ಉತ್ತರದ ಕಡೆ ನೋಡಿದೆವು. 1917ರ ಡಿಸೆಂಬರ್ 6ರ ಬೆಳಗ್ಗೆ ಬಂದರಿನ ಕಿರುಗಂಡಿಯಲ್ಲಿ ಇಮೋ ಎಂಬ ಹಡಗು, ಸಿಡಿಮದ್ದು ತುಂಬಿದ್ದ ಮೋಂ ಬ್ಲಾಂಕ್ ಎಂಬ ಫ್ರೆಂಚ್ ಹಡಗಿಗೆ ತಾಗಿತು. ಬೆಂಕಿ ಹೊತ್ತಿಕೊಂಡಿತು. ನೋಡಲೆಂದು ಜನ ಕಿಟಕಿಗಳಿಗೆ ಬಂದು ನಿಂತರು. ಹಡಗು ಸಿಡಿದಾಗ ಎಷ್ಟೋ ಮಂದಿಯ ಕಣ್ಣುಗಳು ಒಡೆದ ಗಾಜಿನಿಂದ ಹೋದುವು. ಸತ್ತವರು ಸುಮಾರು 2,000. ಮಾರನೆಯ ದಿನ ಹಿಮದ ಬಿರುಗಾಳಿ ಬೀಸಿತು. ಕೋಟೆಯ ಫಿರಂಗಿಗಳಿಗೆ ಅಂದು ಮಾಡಲು ಏನೂ ಇರಲಿಲ್ಲ. ಆದರೆ ಸ್ಫೋಟದ ಹೊಡೆತವನ್ನು ಗುಡ್ಡ ತಾನೇ ತಡೆದು ತಿರುಗಿಸಿತು. ಅದರ ಮರೆಯಲ್ಲಿದ್ದ ದಕ್ಷಿಣದ ಕೇರಿಗಳಲ್ಲಿ ಹೆಚ್ಚಾಗಿ ಒಡೆದುದು ಕಿಟಕಿ ಬಾಗಿಲುಗಳು ಮಾತ್ರ.