ಉಪ್ಪಿನ ಕ್ಲೋರಿನ್, ವಿಷದ ಕ್ಲೋರಿನ್



ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಕ್ಲೋರಿನ್ ಇದೆ. ಕಾಸರಗೋಡಿನ ಗೇರುಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನಲ್ಲೂ ಕ್ಲೋರಿನ್ ಇತ್ತು. ಒಂದಿಲ್ಲದೆ ಗಂಜಿ ರುಚಿಸದು. ಇನ್ನೊಂದು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳ ಎಷ್ಟೋ ಮನೆಗಳಲ್ಲಿ ಮಾಯದ ಗಾಯವನ್ನು ಉಳಿಸಿಹೋಯಿತು. ಎರಡರಲ್ಲೂ ಇರುವುದು ಒಂದೇ ಮೂಲವಸ್ತು. ಹಾಗಾದರೆ ಅಂತರ ಎಲ್ಲಿಂದ ಬಂತು? ಆ ಕ್ಲೋರಿನ್ ತನ್ನ ನೆರೆಯ ಪರಮಾಣುವಿನೊಡನೆ ಯಾವ ಬಗೆಯ ನಂಟು ಬೆಳೆಸಿದೆ ಎಂಬಲ್ಲಿಂದಲೇ ಈ ಕಥೆ ಆರಂಭವಾಗುತ್ತದೆ. ಶಾಲೆಯ ಪುಸ್ತಕದಲ್ಲಿ 'ರಾಸಾಯನಿಕ ಬಂಧ' ಎಂಬ ಪಾಠವನ್ನು ಬಾಯಿಪಾಠ ಮಾಡಿ ಮರೆತವರು ನಮ್ಮಲ್ಲಿ ಬಹಳ ಮಂದಿ. ಇಂದು ಅದನ್ನೇ ಇನ್ನೊಮ್ಮೆ ಬಿಡಿಸಿ ನೋಡೋಣ.

ಪರಮಾಣುವಿನ ನಡುವೆ ಧನ ವಿದ್ಯುದಂಶವುಳ್ಳ ಬೀಜಕೇಂದ್ರವಿದೆ. ಅದರ ಸುತ್ತ ಋಣ ವಿದ್ಯುದಂಶವುಳ್ಳ ಎಲೆಕ್ಟ್ರಾನುಗಳು ಪದರ ಪದರವಾಗಿ ಇವೆ. ನಂಟಿನ ವ್ಯವಹಾರವೆಲ್ಲ ಹೊರಪದರದ ಎಲೆಕ್ಟ್ರಾನುಗಳದು. ಧನಕ್ಕೂ ಋಣಕ್ಕೂ ಸೆಳೆತ. ಈ ಸೆಳೆತವೇ ಎಲ್ಲ ಬಂಧಗಳ ಬೇರು. ಬೇರೆ ಬೇರೆಯಾಗಿ ಇರುವುದಕ್ಕಿಂತ ಜೊತೆಯಾಗಿದ್ದಾಗ ಒಟ್ಟು ಶಕ್ತಿ ಕಡಿಮೆಯಾಗುವುದಾದರೆ ಪರಮಾಣುಗಳು ಕೂಡಿಕೊಳ್ಳುತ್ತವೆ. ಗುಡ್ಡದಿಂದ ಉರುಳಿದ ಕಲ್ಲು ತೋಡಿನಲ್ಲಿ ನಿಂತಂತೆ. ಅದನ್ನು ಮತ್ತೆ ಮೇಲಕ್ಕೆ ಒಯ್ಯಬೇಕಾದರೆ ನಾವು ದುಡಿಯಬೇಕು. ಬಂಧವನ್ನು ಮುರಿಯುವುದಕ್ಕೂ ಶಕ್ತಿ ಕೊಡಬೇಕು.

ಕೂಡಿಕೊಳ್ಳುವ ರೀತಿ ಮಾತ್ರ ಒಂದೇ ಅಲ್ಲ. ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಕೊಟ್ಟು ಪಡೆಯುವ ಬಗೆ. ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳು: ಎರಡು, ಎಂಟು, ಒಂದು ಎಂದು ಅವುಗಳ ಪದರ. ಕ್ಲೋರಿನ್‌ನಲ್ಲಿ 17: ಎರಡು, ಎಂಟು, ಏಳು. ಸೋಡಿಯಂ ತನ್ನ ಹೊರಗಿನ ಒಂದನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಪಡೆದು ಎಂಟು ತುಂಬಿಸಿಕೊಳ್ಳುತ್ತದೆ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು. ಇವುಗಳ ನಡುವಣ ಸೆಳೆತವೇ ಅಯಾನಿಕ ಬಂಧ. ಇಲ್ಲೊಂದು ಮಾತು ಗಮನಿಸಬೇಕು. ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಎಂಬ ಜೋಡಿಗಳಿಲ್ಲ. ಪ್ರತಿಯೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳು, ಪ್ರತಿಯೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ ಅಯಾನುಗಳು. ಇಂಥವನಿಗೆ ಇಂಥವನೇ ನಂಟ ಎಂಬುದಿಲ್ಲ. ಹಾಗಾಗಿ ಉಪ್ಪಿಗೆ 'ಅಣು' ಎಂಬ ಬಿಡಿ ಘಟಕವೇ ಇಲ್ಲ.

ಎರಡನೆಯದು ಪಾಲುದಾರಿಕೆಯ ಬಗೆ. ಆಸ್ತಿ ಪಾಲಾದ ಮೇಲೂ ಅಣ್ಣತಮ್ಮಂದಿರ ಎರಡು ಹಿತ್ತಿಲುಗಳ ಗಡಿಯಲ್ಲಿ ಒಂದೇ ಬಾವಿ ಇರುವುದನ್ನು ನೀವು ಕಂಡಿದ್ದೀರಿ. ಇಬ್ಬರೂ ನೀರು ಸೇದುವುದು ಅದರಿಂದಲೇ. ಅದು ಅವನದೂ ಹೌದು, ಇವನದೂ ಹೌದು; ಅದನ್ನು ಬಿಟ್ಟು ಇಬ್ಬರೂ ದೂರ ಹೋಗಲಾರರು. ಎರಡು ಹೈಡ್ರೋಜನ್ ಪರಮಾಣುಗಳು ಒಂದೊಂದು ಎಲೆಕ್ಟ್ರಾನನ್ನು ತಂದು ನಡುವೆ ಇಟ್ಟಾಗ ಆಗುವುದು ಹೀಗೆಯೇ. ಆ ಎಲೆಕ್ಟ್ರಾನ್ ಜೋಡಿಯನ್ನು ಎರಡೂ ಬೀಜಕೇಂದ್ರಗಳು ಸೆಳೆಯುತ್ತವೆ, ಆ ಸೆಳೆತದಲ್ಲಿ ತಾವೂ ಕಟ್ಟಿಬೀಳುತ್ತವೆ. ಇದು ಸಹವೇಲೆನ್ಸಿ ಬಂಧ. ಒಂದು ಜೋಡಿ ಹಂಚಿಕೊಂಡರೆ ಏಕಬಂಧ; ಗಾಳಿಯ ಆಕ್ಸಿಜನ್ನಿನಲ್ಲಿ ದ್ವಿಬಂಧ; ನೈಟ್ರೋಜನ್ನಿನಲ್ಲಿ ಮೂರು ಜೋಡಿಗಳ ತ್ರಿಬಂಧ. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ ಇದ್ದರೂ ನಮ್ಮ ತೆಂಗು ಅಡಿಕೆಗಳು ಅದನ್ನು ನೇರವಾಗಿ ಬಳಸಲಾರವು. ಕಾರಣ ಈ ತ್ರಿಬಂಧದ ಬಿಗಿ. ಅದನ್ನು ಬಿಡಿಸುವ ವಿದ್ಯೆ ಅಲಸಂದೆ, ಉದ್ದು ಮೊದಲಾದವುಗಳ ಬೇರುಗಂಟಿನ ಸೂಕ್ಷ್ಮಜೀವಿಗಳಿಗೆ ಗೊತ್ತು. ಗೊಬ್ಬರದ ಕಾರ್ಖಾನೆಗೆ ಅದಕ್ಕಾಗಿ ಭಾರಿ ಒತ್ತಡ, ಭಾರಿ ಕಾವು ಬೇಕು.

ಸಹವೇಲೆನ್ಸಿ ಬಂಧದ ಇನ್ನೊಂದು ಲಕ್ಷಣ ದಿಕ್ಕು. ಅಯಾನಿನ ಸೆಳೆತ ದೀಪದ ಬೆಳಕಿನಂತೆ ಎಲ್ಲ ಕಡೆಗೂ ಹರಡುತ್ತದೆ. ಪಾಲುದಾರಿಕೆಯ ಬಂಧವೋ ಇಂಥ ಪರಮಾಣುವಿಗೆ, ಇಂಥ ದಿಕ್ಕಿನಲ್ಲಿ ಎಂದು ನಿಗದಿಯಾದದ್ದು. ಆದ್ದರಿಂದಲೇ ಅಣುಗಳಿಗೆ ಖಚಿತವಾದ ಆಕಾರವಿದೆ. ನೀರಿನ ಅಣು ನೇರವಾಗಿಲ್ಲ, ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಆಕಾರದ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಲೋಹಗಳ ಬಗೆ. ತಾಮ್ರದ ಹಂಡೆಯಲ್ಲಿ, ಚಿನ್ನದ ಸರದಲ್ಲಿ ಹೊರಪದರದ ಎಲೆಕ್ಟ್ರಾನುಗಳು ಯಾರೊಬ್ಬರ ಸೊತ್ತೂ ಅಲ್ಲ, ಊರಿನ ಕೆರೆಯಂತೆ ಎಲ್ಲರ ಪಾಲಿನವು. ಅವು ಓಡಾಡುವುದರಿಂದ ಲೋಹದಲ್ಲಿ ವಿದ್ಯುತ್ತೂ ಶಾಖವೂ ಸುಲಭವಾಗಿ ಹರಿಯುತ್ತವೆ. ಬಡಿದರೆ ಪರಮಾಣುಗಳ ಸಾಲು ಸರಿಯುತ್ತದೆ, ನಂಟು ತಪ್ಪುವುದಿಲ್ಲ. ಅದಕ್ಕೇ ಅಕ್ಕಸಾಲಿಗ ಚಿನ್ನವನ್ನು ತಗಡು ಮಾಡಬಲ್ಲ. ಉಪ್ಪಿನ ಹರಳನ್ನು ಬಡಿದರೆ ಧನದ ಎದುರು ಧನ, ಋಣದ ಎದುರು ಋಣ ಬಂದು, ಒಂದನ್ನೊಂದು ದೂಡಿ, ಹರಳು ಪುಡಿಯಾಗುತ್ತದೆ.

ಈ ತಿಳಿವಳಿಕೆ ಬಹಳ ಹಳೆಯದೇನಲ್ಲ. 1916ರಲ್ಲಿ ಜರ್ಮನಿಯ ವಾಲ್ಟರ್ ಕೊಸೆಲ್ ಕೊಟ್ಟು ಪಡೆಯುವ ಬಗೆಯನ್ನೂ, ಅದೇ ವರ್ಷ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಜೋಡಿಯಾಗಿ ಹಂಚಿಕೊಳ್ಳುವ ಬಗೆಯನ್ನೂ ವಿವರಿಸಿದರು. 1919ರಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಈ ಹಂಚಿಕೆಗೆ 'ಕೋವೇಲೆನ್ಸ್' ಎಂದು ಹೆಸರಿಟ್ಟರು. ನಮ್ಮ 'ಸಹವೇಲೆನ್ಸಿ' ಅದರಿಂದ ಬಂದದ್ದು. ಮುಂದೆ ಲೈನಸ್ ಪೌಲಿಂಗ್ ಎಂಬವರು ಎಲೆಕ್ಟ್ರಾನನ್ನು ತನ್ನತ್ತ ಎಳೆಯುವ ಶಕ್ತಿ ಯಾವ ಪರಮಾಣುವಿಗೆ ಎಷ್ಟು ಎಂದು ಅಳೆಯುವ ಒಂದು ಮಾನವನ್ನು ತಯಾರಿಸಿದರು. ಅದರಲ್ಲಿ ಸೋಡಿಯಂಗೆ 0.93, ಕಾರ್ಬನ್ನಿಗೆ 2.55, ಕ್ಲೋರಿನ್ನಿಗೆ 3.16. ಸೋಡಿಯಂ ಮತ್ತು ಕ್ಲೋರಿನ್ನಿನ ಅಂತರ ದೊಡ್ಡದು, ಆದ್ದರಿಂದ ಎಲೆಕ್ಟ್ರಾನ್ ಕೈಬದಲಾಗುತ್ತದೆ. ಕಾರ್ಬನ್ ಮತ್ತು ಕ್ಲೋರಿನ್ನಿನ ಅಂತರ ಚಿಕ್ಕದು, ಆದ್ದರಿಂದ ಹಂಚಿಕೆ. ಕ್ಲೋರಿನ್ನಿನ ಕಡೆಗೆ ತುಸು ವಾಲಿದ ಹಂಚಿಕೆ. ಇವೆರಡರ ನಡುವೆ ಗೋಡೆಯೇನೂ ಇಲ್ಲ. ಪೂರ್ಣ ಸಮಪಾಲಿನಿಂದ ಪೂರ್ಣ ಕೊಡುಗೆಯವರೆಗೆ ಇಳಿಜಾರಿನ ಹಾದಿಯಂತೆ ಇದು ಸಾಗುತ್ತದೆ.

ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಬಾಣಲೆಯಲ್ಲಿ ಒಂದು ಚಮಚ ಸಕ್ಕರೆ ಹಾಕಿ ಕಾಯಿಸಿ. ಕರಗಿ, ಕೆಂಪಾಗಿ, ಕೊನೆಗೆ ಕರಿದಾಗುತ್ತದೆ. ಸಕ್ಕರೆಯ ಅಣುವಿನ ಸಹವೇಲೆನ್ಸಿ ಬಂಧಗಳು ಮುರಿದು, ನೀರು ಆವಿಯಾಗಿ ಹೋಗಿ, ಕಾರ್ಬನ್ ಉಳಿಯಿತು. ಉಪ್ಪನ್ನು ಹಾಗೆಯೇ ಕಾಯಿಸಿದರೆ ಒಳಗಿನ ತೇವಕ್ಕೆ ಚಟಪಟ ಸಿಡಿಯುವುದಷ್ಟೆ. ಅದು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಇನ್ನೊಂದು ಪರೀಕ್ಷೆ: ಶುಭ್ರವಾದ ಮಳೆನೀರಿನಲ್ಲಿ ಒಂದು ಲೋಟ ಉಪ್ಪುನೀರು, ಒಂದು ಲೋಟ ಸಕ್ಕರೆನೀರು ಮಾಡಿ, ಒಂಬತ್ತು ವೋಲ್ಟಿನ ಬ್ಯಾಟರಿ ಮತ್ತು ಚಿಕ್ಕ ಎಲ್‌ಇಡಿ ದೀಪಕ್ಕೆ ಜೋಡಿಸಿದ ಎರಡು ತಂತಿಗಳನ್ನು, ಒಂದಕ್ಕೊಂದು ತಾಗದಂತೆ, ಕ್ಷಣಹೊತ್ತು ಅದ್ದಿ. ಉಪ್ಪುನೀರಿನಲ್ಲಿ ಅಯಾನುಗಳು ಬಿಡಿಯಾಗಿ ಓಡಾಡುವುದರಿಂದ ದೀಪ ಹೊತ್ತುತ್ತದೆ. ಸಕ್ಕರೆಯ ಅಣು ಇಡಿಯಾಗಿಯೇ ಕರಗಿರುವುದರಿಂದ ಅಲ್ಲಿ ಹೊತ್ತದು. ಮನೆಯ ಕರೆಂಟಿನಿಂದ ಮಾತ್ರ ಇದನ್ನು ಎಂದಿಗೂ ಮಾಡಕೂಡದು. ಮಕ್ಕಳಿದ್ದರೆ ಹಿರಿಯರು ಜೊತೆಗಿರಬೇಕು.

ಸಕ್ಕರೆ ಬೇಗ ಕರಗಿತು ಎಂದು ಸಹವೇಲೆನ್ಸಿ ಬಂಧ ದುರ್ಬಲವೆಂದು ತಿಳಿಯಬೇಡಿ. ವಜ್ರದಲ್ಲೂ ಮರಳಿನಲ್ಲೂ ಇರುವುದು ಇದೇ ಬಂಧ, ತುದಿಯಿಂದ ತುದಿಗೆ ಬಲೆ ಹೆಣೆದಂತೆ. ಸಕ್ಕರೆಯೋ ನೀರೋ ಬಿಡಿ ಬಿಡಿ ಅಣುಗಳಾಗಿರುವ ವಸ್ತು. ಅಣುವಿನೊಳಗಿನ ಬಂಧ ಬಿಗಿ, ಅಣು ಅಣುಗಳ ನಡುವಣ ಸೆಳೆತ ಸಡಿಲ. ನೀರಿನಲ್ಲಿ ಈ ಎರಡನೆಯದಕ್ಕೆ ಹೈಡ್ರೋಜನ್ ಬಂಧವೆಂದು ಹೆಸರು. ನೀರು ಕುದಿಯುವಾಗ ಹೈಡ್ರೋಜನ್, ಆಕ್ಸಿಜನ್ ಬೇರೆಯಾಗುತ್ತವೆ ಎಂದು ಭಾವಿಸುವವರಿದ್ದಾರೆ. ಹಾಗಲ್ಲ. ಕುದಿಯುವ 18 ಗ್ರಾಂ ನೀರನ್ನು ಆವಿ ಮಾಡಲು ಸುಮಾರು 41 ಕಿಲೋಜೂಲ್ ಸಾಕು. ಅಷ್ಟೇ ನೀರಿನ ಅಣುಗಳನ್ನು ಒಡೆದು ಬಿಡಿ ಪರಮಾಣುಗಳನ್ನಾಗಿ ಮಾಡಲು 900 ಕಿಲೋಜೂಲಿಗೂ ಮಿಕ್ಕಿ ಬೇಕು, ಅಂದರೆ ಇಪ್ಪತ್ತು ಪಟ್ಟಿಗೂ ಹೆಚ್ಚು. ಆವಿಯೂ ನೀರೇ.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಉಪ್ಪು ನೀರಿಗೆ ಬಿದ್ದೊಡನೆ ಅದರ ಕ್ಲೋರಿನ್ ಕ್ಲೋರೈಡ್ ಅಯಾನಾಗಿ ಬಿಡಿಯಾಗುತ್ತದೆ. ನಮ್ಮ ರಕ್ತಕ್ಕೆ ಅದು ಪರಿಚಿತ. ಜಠರದ ಆಮ್ಲಕ್ಕೂ ಅದು ಬೇಕು. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಎಂಡೋಸಲ್ಫಾನಿನ ಒಂದು ಅಣುವಿನಲ್ಲಿ 9 ಕಾರ್ಬನ್, 6 ಹೈಡ್ರೋಜನ್, 6 ಕ್ಲೋರಿನ್, 3 ಆಕ್ಸಿಜನ್, 1 ಗಂಧಕ, ಒಟ್ಟು 25 ಪರಮಾಣುಗಳು. ಆ ಆರು ಕ್ಲೋರಿನ್ನುಗಳೂ ಕಾರ್ಬನ್ನಿನೊಡನೆ ಎಲೆಕ್ಟ್ರಾನ್ ಹಂಚಿಕೊಂಡು ನಿಂತಿವೆ. ನೀರು ಅವನ್ನು ಅಯಾನುಗಳಾಗಿ ಬಿಡಿಸಲಾರದು. ಈ ವಸ್ತು ಲೀಟರ್ ನೀರಿಗೆ ಒಂದು ಮಿಲಿಗ್ರಾಂನಷ್ಟೂ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹೀಗಾಗಿ ಮಳೆ ಬಂದರೆ ಉಪ್ಪಿನಂತೆ ಕರಗಿಹೋಗುವುದಿಲ್ಲ. ಮಣ್ಣಿಗೆ, ತೋಡಿನ ಕೆಸರಿಗೆ ಅಂಟಿ ಉಳಿಯುತ್ತದೆ, ಪ್ರಾಣಿಗಳ ಮೈ ಸೇರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದರ ಗಂಧಕದ ಭಾಗವನ್ನು ಬದಲಿಸಿ ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಆರು ಕ್ಲೋರಿನ್ನುಗಳು ಅದರಲ್ಲೂ ಹಾಗೆಯೇ ಇವೆ. ಅದೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಬಾಳುವ ವಿಷ.

ಆಕಾರದ ಮಾತು ಇಲ್ಲಿ ಬರುತ್ತದೆ. ನಮ್ಮ ನರಕೋಶಗಳ ಗೋಡೆಯಲ್ಲಿ ಕ್ಲೋರೈಡ್ ಅಯಾನು ಒಳಗೆ ಬರಲು ಪುಟ್ಟ ಬಾಗಿಲುಗಳಿವೆ. ಅದು ಒಳಬಂದಾಗ ನರದ ಉದ್ರೇಕ ತಣಿಯುತ್ತದೆ. ಎಂಡೋಸಲ್ಫಾನಿನ ಅಣು ತನ್ನ ಆಕಾರದಿಂದಾಗಿ ಆ ಬಾಗಿಲಿಗೆ ಅಡ್ಡ ಕೂರುತ್ತದೆ. ಉದ್ರೇಕ ತಣಿಯದೆ ಕೀಟ ಸೆಟೆದು ಸಾಯುತ್ತದೆ. ಮನುಷ್ಯನ ಮೈಗೆ ಹೆಚ್ಚು ಸೇರಿದರೆ ನಡುಕ, ಅಪಸ್ಮಾರ. ಹಂಚಿಕೆಯ ಕ್ಲೋರಿನ್ ಹೊತ್ತ ಅಣು ಅಯಾನಿನ ಕ್ಲೋರಿನ್ ಬರುವ ದಾರಿಯನ್ನೇ ಮುಚ್ಚಿತು!

ಹಾಗೆಂದು ಕಾರ್ಬನ್ ಮತ್ತು ಕ್ಲೋರಿನ್ನಿನ ಬಂಧವೆಲ್ಲ ವಿಷವೆಂದಲ್ಲ. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್‌ನಲ್ಲಿ ಈ ಬಂಧವಿದೆ. ಟೈಫಾಯ್ಡಿನಿಂದ ಅನೇಕರನ್ನು ಉಳಿಸಿದ ಕ್ಲೋರಾಂಫೆನಿಕಾಲ್‌ನಲ್ಲೂ ಇದೆ. ಅದನ್ನು ಮೊದಲು ತಯಾರಿಸಿದ್ದು ಮಣ್ಣಿನ ಒಂದು ಸೂಕ್ಷ್ಮಜೀವಿಯೇ. ಬಂಧ ಯಾವುದು, ಅಣುವಿನ ಇಡೀ ಆಕಾರ ಯಾವುದು, ಎಷ್ಟು ಪ್ರಮಾಣ, ಎಷ್ಟು ಕಾಲ ಎಂಬುದನ್ನೆಲ್ಲ ಸೇರಿಸಿ ನೋಡಿಯೇ ತೀರ್ಮಾನಿಸಬೇಕು. ಹೀಗೆ ನೋಡಿದ ಮೇಲೆಯೇ 2011ರಲ್ಲಿ ಸ್ಟಾಕ್‌ಹೋಂ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ತೊಡೆದುಹಾಕಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ಎಂಡೋಸಲ್ಫಾನ್ ಹೋಯಿತು, ಹೊಸ ಹೊಸ ಹೆಸರಿನ ಔಷಧಿಗಳು ಅಂಗಡಿಗೆ ಬರುತ್ತಲೇ ಇರುತ್ತವೆ. ಇದರಲ್ಲಿರುವುದೂ ಉಪ್ಪಿನಲ್ಲಿರುವ ವಸ್ತುವೇ, ಒಂದು ಮಳೆಗೆ ತೊಳೆದುಹೋಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ಮೂರು ಪ್ರಶ್ನೆ ಕೇಳಿ. ಇದು ನೀರಿನಲ್ಲಿ ಕರಗುವುದೋ ಕೊಬ್ಬಿನಲ್ಲಿ ಕರಗುವುದೋ? ಮಣ್ಣಿನಲ್ಲಿ ಎಷ್ಟು ದಿನ ಉಳಿಯುತ್ತದೆ? ಒಡೆದ ಮೇಲೆ ಏನಾಗುತ್ತದೆ? ಉತ್ತರ ಕೃಷಿ ಅಧಿಕಾರಿಯಿಂದ ಬರಲಿ, ಮಾರುವವನಿಂದ ಬರಲಿ. ಬರುವವರೆಗೆ ಡಬ್ಬದ ಮುಚ್ಚಳ ತೆರೆಯಬೇಡಿ. ಪ್ರಶ್ನೆ ಕೇಳಲು ಪದವಿ ಬೇಕಿಲ್ಲ, ಹೈಸ್ಕೂಲಿನ ಆ ಒಂದು ಪಾಠ ಸಾಕು. ನಿಮ್ಮ ಮನೆಯ ಮಕ್ಕಳು ಆ ಪಾಠವನ್ನು ಓದುತ್ತಿದ್ದರೆ, ಪರೀಕ್ಷೆಯ ಅಂಕಕ್ಕಾಗಿ ಮಾತ್ರವಲ್ಲ, ನಮ್ಮ ಮಣ್ಣು, ನಮ್ಮ ತೋಡುಗಳ ಸಲುವಾಗಿಯೂ ಓದಲಿ ಎಂದು ಹೇಳಿ.